ಯಾರ ಜಗಲಿಯ ಮೇಲೆ ಕೂತು ನೋಡಿದ ಊರು

ಕೇಳುಗರಿಗೆ ನಮಸ್ಕಾರ.

ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡಿದವನು. ಹೊಸದಾಗಿ ಸೇರಿದ ಮಕ್ಕಳು ಪ್ರತಿ ವರ್ಷವೂ ಒಂದು ಪ್ರಶ್ನೆ ಕೇಳುತ್ತಿದ್ದರು. "ಸರ್, ನಮ್ಮ ಮನೆ, ನಮ್ಮ ಊರು, ನಮ್ಮ ಜಾತಿ, ಇದೆಲ್ಲ ನಮಗೆ ಗೊತ್ತಿರೋದೇ ಅಲ್ವಾ? ಇದರಲ್ಲಿ ಓದೋಕೆ ಏನಿದೆ?" ಅದು ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರವಾಗಿ ನಾನು ಮಾಡಿದ ಒಂದು ತಪ್ಪನ್ನು ಅವರಿಗೆ ಹೇಳುತ್ತಿದ್ದೆ. ಇವತ್ತು ನಿಮಗೂ ಹೇಳುತ್ತೇನೆ.

ಎಂ.ಎ. ಮುಗಿಸಿದ ಹೊಸತು. ಒಂದು ಸಮೀಕ್ಷೆಗೆ ಮನೆಮನೆ ತಿರುಗಿ ಮಾಹಿತಿ ಬರೆದುಕೊಳ್ಳುವ ಕೆಲಸ ಸಿಕ್ಕಿತ್ತು. ಅರಸೀಕೆರೆ ಕಡೆಯ ಒಂದು ಹಳ್ಳಿ. ಬೆಳಿಗ್ಗೆ ಹತ್ತರ ಹೊತ್ತು. ಒಂದು ಮನೆಯ ಜಗಲಿಯ ಮೇಲೆ ವಯಸ್ಸಾದ ಅಮ್ಮ ಒಬ್ಬರು ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಾ ಕೂತಿದ್ದರು. ಫಾರಂನಲ್ಲಿದ್ದ ಪ್ರಶ್ನೆಯನ್ನು ಇದ್ದ ಹಾಗೇ ಕೇಳಿದೆ. "ಅಮ್ಮಾ, ನಿಮ್ಮ ಮನೆಯಲ್ಲಿ ಕೆಲಸ ಮಾಡೋರು ಎಷ್ಟು ಜನ?"

"ನನ್ ಮಗ ಒಬ್ಬನೇ ಕಣಪ್ಪ. ನಾನೂ ಸೊಸೆನೂ ಮನೇಲೇ ಇರ್ತೀವಿ" ಅಂದರು.

ನಾನು 'ಒಂದು' ಎಂದು ಬರೆದುಕೊಂಡೆ. ಬರೆಯುತ್ತಿರುವಾಗಲೇ ಸೊಸೆ ಹುಲ್ಲಿನ ಹೊರೆ ಹೊತ್ತು ಅಂಗಳಕ್ಕೆ ಬಂದರು. ಕೊಟ್ಟಿಗೆಯಲ್ಲಿ ಎರಡು ಹಸು ಇದ್ದವು. ಹಾಲು ಕರೆದು ಡೈರಿಗೆ ಹಾಕಿ, ಅಡುಗೆ ಮುಗಿಸಿ, ಹೊಲದ ಬದುವಿನಲ್ಲಿ ಹುಲ್ಲು ಕೊಯ್ದು ತಂದವರು ಅವರು. ಅತ್ತೆಯ ಕೈಯೂ ಒಂದು ಗಳಿಗೆ ನಿಂತಿರಲಿಲ್ಲ. ಇಬ್ಬರೂ ನನ್ನ ಕಣ್ಣೆದುರೇ ದುಡಿಯುತ್ತಿದ್ದರು. ನಾನು ಫಾರಂ ಮಡಚಿ ಪಕ್ಕದ ಮನೆಗೆ ಹೋದೆ.

ಆ ಅಮ್ಮ ಸುಳ್ಳು ಹೇಳಿರಲಿಲ್ಲ. ಅವರ ಮಾತಿನಲ್ಲಿ 'ಕೆಲಸ' ಅಂದರೆ ಸಂಬಳವೋ ಕೂಲಿಯೋ ಕೈಗೆ ಬರುವಂಥದ್ದು. ಫಾರಂ ತಯಾರಿಸಿದವರಿಗೂ ಅದೇ ಅರ್ಥ. ಬರೆದುಕೊಂಡ ನನಗೂ ಅದೇ ಅರ್ಥ. ಮೂವರೂ ಒಪ್ಪಿಕೊಂಡಿದ್ದರಿಂದಲೇ ಇಬ್ಬರು ಹೆಂಗಸರ ದುಡಿಮೆ ಲೆಕ್ಕದಿಂದ ಬಿದ್ದುಹೋಯಿತು. ನಮಗೆ ತೀರಾ ಗೊತ್ತಿರುವ ವಿಷಯದಲ್ಲೇ ಹೀಗೆ ಜಾಸ್ತಿ ಆಗುತ್ತದೆ.

ಇದನ್ನು ಯೋಚಿಸುವಾಗ ನನಗೆ ಯಾವಾಗಲೂ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ನೆನಪಾಗುತ್ತಾರೆ. 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಮಹಾರಾಜ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕ ಘುರ್ಯೆ ಅವರ ಶಿಷ್ಯರಾಗಿ, ಆಮೇಲೆ ಆಕ್ಸ್‌ಫರ್ಡ್‌ಗೆ ಹೋದರು. ಕೊಡವರ ಬಗ್ಗೆ ಅಲ್ಲಿ ಪ್ರಬಂಧ ಬರೆದು ಪದವಿ ಪಡೆದರು. 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಗೆ ಬಂದು ನೆಲೆಸಿದರು. ಆ ಊರಿಗೆ ಅವರು ಪುಸ್ತಕದಲ್ಲಿ ಕೊಟ್ಟ ಹೆಸರು ರಾಮಪುರ. ಊರಿನ ಜನಕ್ಕೆ ತೊಂದರೆ ಆಗಬಾರದು ಅಂತ ಊರಿಗೂ ಜನರಿಗೂ ಬೇರೆ ಹೆಸರಿಟ್ಟು ಬರೆಯುವುದು ನಮ್ಮ ಶಾಸ್ತ್ರದಲ್ಲಿ ರೂಢಿ.

ಸುಮಾರು ಸಾವಿರದೈನೂರು ಜನರ ಊರು. ಕೆರೆ, ಗದ್ದೆ, ಹಲವು ಜಾತಿಗಳು. ಊರಿನ ಪಟೇಲರು ತಮ್ಮ ಎತ್ತು ಕಟ್ಟುವ ಮನೆಯಲ್ಲಿ ಅವರಿಗೆ ಉಳಿಯಲು ಜಾಗ ಕೊಟ್ಟರು. ಸುಮಾರು ಹತ್ತು ತಿಂಗಳು ಶ್ರೀನಿವಾಸ್ ಅಲ್ಲಿದ್ದರು. ಬಿತ್ತನೆ, ಕುಯ್ಲು, ಮದುವೆ, ಸಾವು, ಜಗಳ, ಪಂಚಾಯಿತಿ, ಎಲ್ಲವನ್ನೂ ಹತ್ತಿರದಿಂದ ನೋಡಿದರು. ಬರೆದುಕೊಂಡರು. 1952ರ ಬೇಸಿಗೆಯಲ್ಲಿ ಮತ್ತೆ ಬಂದರು. ಹೀಗೆ ಜನರ ನಡುವೆಯೇ ಇದ್ದು ನೋಡುವುದಕ್ಕೆ ಸಹಭಾಗಿ ಅವಲೋಕನ ಅಂತ ಹೆಸರು. ಪರೀಕ್ಷೆಗೆ ಓದುವವರು ಈ ಪದವನ್ನು ಬಾಯಿಪಾಠ ಮಾಡುತ್ತಾರೆ. ಆದರೆ ಅದರೊಳಗಿನ ಕಷ್ಟ ಬಾಯಿಪಾಠಕ್ಕೆ ಸಿಗುವುದಿಲ್ಲ. ಜನ ಬಾಯಲ್ಲಿ ಹೇಳುವುದು ಒಂದು, ನಡೆದುಕೊಳ್ಳುವುದು ಇನ್ನೊಂದು. ಎರಡನ್ನೂ ಕಾಣಬೇಕಾದರೆ ಊರಿನ ಜೊತೆ ಮಳೆಗಾಲ ಬೇಸಿಗೆ ಎರಡನ್ನೂ ಕಳೆಯಬೇಕು.

ಹಾಗೆ ಕಳೆದಿದ್ದರಿಂದ ಸಿಕ್ಕಿದ್ದೇನು? ಪುಸ್ತಕದಲ್ಲಿ ಓದಿದ ಜಾತಿಗೂ ಊರಿನಲ್ಲಿ ಕಾಣುವ ಜಾತಿಗೂ ತುಂಬ ಅಂತರ ಇದೆ ಎಂದು ಅವರು ತೋರಿಸಿದರು. ಪುಸ್ತಕದಲ್ಲಿ ನಾಲ್ಕು ವರ್ಣ, ಮೇಲಿಂದ ಕೆಳಕ್ಕೆ ಗೆರೆ ಎಳೆದ ಹಾಗೆ. ಊರಿನಲ್ಲಿ ಹತ್ತಿಪ್ಪತ್ತು ಜಾತಿ. ತುತ್ತತುದಿ ಮತ್ತು ತೀರಾ ತಳ ಬಿಟ್ಟರೆ ನಡುವಿನವರಲ್ಲಿ ಯಾರು ಮೇಲು ಯಾರು ಕೆಳಗೆ ಅನ್ನುವುದೇ ನಿತ್ಯದ ತಕರಾರು. ಪೂಜೆ ಪುನಸ್ಕಾರದಲ್ಲಿ ಮೇಲಿರುವವನು ಬೇರೆ, ಊರನ್ನು ಆಳುವವನು ಬೇರೆ. ರಾಮಪುರದಲ್ಲಿ ಜಮೀನು ಇದ್ದದ್ದು, ತಲೆಯೆಣಿಕೆಯಲ್ಲಿ ಹೆಚ್ಚಿದ್ದದ್ದು ಒಕ್ಕಲಿಗರು. ಬೇರೆ ಜಾತಿಯವರ ಜಗಳವೂ ನ್ಯಾಯಕ್ಕಾಗಿ ಅವರ ಹಿರಿಯರ ಮುಂದೆ ಬರುತ್ತಿತ್ತು. ಇದನ್ನು ನೋಡಿ 'ಪ್ರಬಲ ಜಾತಿ' ಎಂಬ ಮಾತನ್ನು ಶ್ರೀನಿವಾಸ್ ಕೊಟ್ಟರು. ಈಗ ಚುನಾವಣೆ ಬಂದಾಗ ದಿನಾ ಕಿವಿಗೆ ಬೀಳುವ 'ವೋಟ್ ಬ್ಯಾಂಕ್' ಕೂಡ 1955ರಲ್ಲಿ ಅವರು ಇದೇ ಊರಿನ ಬಗ್ಗೆ ಬರೆದ ಲೇಖನದಿಂದ ಬಂದದ್ದು. ಅಲ್ಲಿ ಅದಕ್ಕೆ ಇದ್ದ ಅರ್ಥ ಬೇರೆ. ತನ್ನನ್ನು ನಂಬಿಕೊಂಡವರ ಓಟುಗಳನ್ನು ಒಟ್ಟಾಗಿ ಹಾಕಿಸಬಲ್ಲ ಊರಿನ ಯಜಮಾನ, ಅವನ ಹಿಂದಿರುವ ಜನ, ಅದು ವೋಟ್ ಬ್ಯಾಂಕ್. ಈಗ ನಾವು ಇಡೀ ಒಂದು ಸಮುದಾಯಕ್ಕೇ ಆ ಹೆಸರು ಹಚ್ಚುತ್ತಿದ್ದೇವೆ. ಮಧ್ಯದ ಯಜಮಾನ ಮರೆಯಾಗಿಬಿಟ್ಟಿದ್ದಾನೆ. ಇದು ಚಿಕ್ಕ ತಪ್ಪಲ್ಲ.

'ಸಂಸ್ಕೃತೀಕರಣ' ಎಂಬ ಅವರ ಇನ್ನೊಂದು ಮಾತು ಹುಟ್ಟಿದ್ದು ಕೊಡಗಿನ ಅಧ್ಯಯನದಲ್ಲಿ. ಕೆಳಗಿನದು ಅನ್ನಿಸಿಕೊಂಡ ಜಾತಿ ಮಾಂಸ, ಹೆಂಡ ಬಿಟ್ಟು, ಮೇಲಿನವರ ಆಚಾರ ಹಿಡಿದು, ಒಂದೆರಡು ತಲೆಮಾರಿನಲ್ಲಿ ಮೇಲಿನ ಸ್ಥಾನ ಕೇಳುವುದು. ಹಿಂದಿನ ಬ್ರಿಟಿಷ್ ಜನಗಣತಿಗಳು ಇದಕ್ಕೆ ಇಂಬು ಕೊಟ್ಟವು. ಸರ್ಕಾರ ಜಾತಿ ಬರೆದುಕೊಳ್ಳುತ್ತದೆ, ಮೇಲು ಕೀಳು ಗುರುತಿಸುತ್ತದೆ ಎಂದು ಗೊತ್ತಾದ ಕೂಡಲೇ ಜಾತಿ ಸಂಘಗಳು ಎದ್ದವು. ನಮ್ಮನ್ನು ಇಂಥ ವರ್ಣದವರೆಂದು ಬರೆಯಿರಿ ಅಂತ ಅರ್ಜಿ ಹೋದವು. ಎಣಿಸಲು ಹೋದದ್ದೇ ಜನರನ್ನು ಬದಲಿಸಿತು ನೋಡಿ. ಮಳೆ ಅಳೆದರೆ ಮಳೆ ಬದಲಾಗುವುದಿಲ್ಲ. ಜನರನ್ನು ಅಳೆದರೆ ಜನ ಸುಮ್ನೆ ಇರುವುದಿಲ್ಲ.

ಸರಿ, ಕಣ್ಣಿಗೆ ಕಂಡಿತು, ಬರೆದುಕೊಂಡೆವು. ಇನ್ನು ಸಿದ್ಧಾಂತ ಯಾಕೆ ಬೇಕು? ಒಂದು ಕಣವನ್ನು ನೆನೆಸಿಕೊಳ್ಳಿ. ಸುಗ್ಗಿ ಕಾಲ. ಭತ್ತದ ರಾಶಿ ಹಾಕಿದ್ದಾರೆ. ಒಡೆಯ ನಿಂತಿದ್ದಾನೆ. ಕ್ಷೌರಿಕ, ಅಗಸ, ಕುಂಬಾರ, ಕಮ್ಮಾರ ಬಂದಿದ್ದಾರೆ. ವರ್ಷವಿಡೀ ಮಾಡಿದ ಕೆಲಸಕ್ಕೆ ಅವರ ಪಾಲನ್ನು ಅಳೆದು ಕೊಡುವ ದಿನ. ಸ್ವಲ್ಪ ದೂರದಲ್ಲಿ, ಕಣದ ಅಂಚಿಗೆ, ಜೀತಕ್ಕಿದ್ದ ದಲಿತ ಆಳು.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ ಇಲ್ಲಿ ಬಂದಿದ್ದರೆ ಅವರ ಕಣ್ಣು ಹೋಗುತ್ತಿದ್ದದ್ದು ಕೂಡಿ ಬಾಳುವ ಕಡೆಗೆ. ಒಬ್ಬೊಬ್ಬರದು ಒಂದೊಂದು ಕಸುಬು, ಅದಕ್ಕೇ ಒಬ್ಬರನ್ನು ಬಿಟ್ಟು ಒಬ್ಬರಿಗೆ ಆಗುವುದಿಲ್ಲ. ಶ್ರಮ ಹಂಚಿಕೆಯ ಬಗ್ಗೆ 1893ರಲ್ಲೇ ಅವರು ದೊಡ್ಡ ಪುಸ್ತಕ ಬರೆದಿದ್ದರು. ಕಾರ್ಲ್ ಮಾರ್ಕ್ಸ್ ಬಂದಿದ್ದರೆ ಮೊದಲು ಕೇಳುತ್ತಿದ್ದದ್ದು ಈ ಗದ್ದೆ ಯಾರದು ಅಂತ. ಬೆಳೆದವನು ಅಂಚಿನಲ್ಲಿ, ಅಳೆಯುವ ಕೊಳಗ ಒಡೆಯನ ಕೈಯಲ್ಲಿ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಬಹುಶಃ ಆ ಆಳಿನ ಪಕ್ಕ ಹೋಗಿ ಕೂರುತ್ತಿದ್ದರು. ಟವೆಲ್ ಒಡ್ಡಿ ಭತ್ತ ಹಾಕಿಸಿಕೊಳ್ಳುವಾಗ ನಿನ್ನ ಮನಸ್ಸಿನಲ್ಲಿ ಇದು ಏನು? ಕೂಲಿಯೋ, ಹಕ್ಕೋ, ಧಣಿಯ ದಯೆಯೋ? ಮಾಡುವವನಿಗೆ ತನ್ನ ಕೆಲಸದ ಅರ್ಥ ಏನೆಂದು ತಿಳಿಯದೆ ಸಮಾಜ ತಿಳಿಯುವುದಿಲ್ಲ ಅನ್ನುವುದು ವೆಬರ್ ಅವರ ನಿಲುವು.

ಕಣ ಒಂದೇ. ಪ್ರಶ್ನೆ ಬದಲಾದ ಹಾಗೆ ಕಾಣುವುದೂ ಬದಲಾಯಿತು. ಶ್ರೀನಿವಾಸ್ ಆಕ್ಸ್‌ಫರ್ಡ್‌ನಲ್ಲಿ ಮಾನವಶಾಸ್ತ್ರಜ್ಞ ರ್‍ಯಾಡ್‌ಕ್ಲಿಫ್ ಬ್ರೌನ್ ಹತ್ತಿರ ಕಲಿತವರು. ಆ ಗುರು ಡರ್ಕೈಮ್ ದಾರಿಯವರು. ಹಾಗಾಗಿ ಶ್ರೀನಿವಾಸ್ ಬರಹದಲ್ಲಿ ಜಾತಿ ಜಾತಿಗಳ ನಡುವಿನ ಕೊಂಡಿಗಳು ಹೆಚ್ಚು ಕಾಣುತ್ತವೆ. ಅಂಚಿನಲ್ಲಿ ನಿಂತವನ ಸಿಟ್ಟು ಕಡಿಮೆ ಕಾಣುತ್ತದೆ.

ಅದಕ್ಕೆ ಇನ್ನೊಂದು ಕಾರಣವೂ ಇದೆ, ನನಗೆ ಅದೇ ದೊಡ್ಡದು. ಅವರು ಕೂತು ನೋಡಿದ್ದು ಪಟೇಲರ ಜಗಲಿಯ ಮೇಲಿಂದ. ಹುಟ್ಟಿನಿಂದ ಬ್ರಾಹ್ಮಣರು. ಊರಿನವರು ಅವರನ್ನು ಸಂಶೋಧಕ ಅಂತ ನೋಡಲಿಲ್ಲ, ಬ್ರಾಹ್ಮಣರ ಹಾಗೆ ನಡೆದುಕೊಳ್ಳಲಿ ಎಂದು ಬಯಸಿದರು. ದಲಿತರ ಕೇರಿಗೆ ಸಲೀಸಾಗಿ ಹೋಗಿ ಬರುವುದು ಅವರಿಂದ ಆಗಲಿಲ್ಲ. ತಾನು ಕೊಟ್ಟ ಚಿತ್ರ ಮೇಲಿನವರ ಕಡೆಯಿಂದ ಕಂಡದ್ದು ಎಂದು ಅವರೇ ಒಪ್ಪಿಕೊಂಡಿದ್ದಾರೆ. ಅದಕ್ಕಾಗಿ ಅವರ ಮೇಲೆ ನನಗೆ ಗೌರವ ಜಾಸ್ತಿ.

ಈಗ ಒಂದು ತಾರೀಕು ಗಮನಿಸಿ. ಶ್ರೀನಿವಾಸ್ ರಾಮಪುರದಲ್ಲಿದ್ದ ಅದೇ 1948ರ ನವೆಂಬರ್ 4ರಂದು ದೆಹಲಿಯಲ್ಲಿ ಬಾಬಾಸಾಹೇಬ್ ಅಂಬೇಡ್ಕರ್ ಸಂವಿಧಾನ ಸಭೆಯ ಮುಂದೆ ಕರಡು ಸಂವಿಧಾನವನ್ನು ಇಟ್ಟರು. ಹಳ್ಳಿಯನ್ನೇ ಆಡಳಿತದ ಬುನಾದಿ ಮಾಡಬೇಕು ಎಂದವರಿಗೆ ಉತ್ತರ ಕೊಡುತ್ತಾ, ಹಳ್ಳಿ ಅಂದರೆ ಅಜ್ಞಾನದ, ಸಣ್ಣ ಮನಸ್ಸಿನ, ಕೋಮುಭಾವನೆಯ ಗೂಡಲ್ಲದೆ ಇನ್ನೇನು ಅನ್ನುವ ಅರ್ಥದಲ್ಲಿ ಕಟುವಾಗಿ ಮಾತಾಡಿದರು. ಅವರೂ ಕೊಲಂಬಿಯಾದಲ್ಲಿ ಸಮಾಜಶಾಸ್ತ್ರ ಓದಿದವರೇ. ಭಾರತದ ಜಾತಿಗಳ ಬಗ್ಗೆ 1916ರಲ್ಲೇ ಅಲ್ಲಿ ಪ್ರಬಂಧ ಮಂಡಿಸಿದ್ದರು. ಶ್ರೀನಿವಾಸ್ ಹುಟ್ಟಿದ ವರ್ಷ ಅದು. ಭಾರತದ ಹಳ್ಳಿಯನ್ನು ಇಬ್ಬರೂ ಬಲ್ಲವರು. ಒಬ್ಬರಿಗೆ ಜಗಲಿಯ ಮೇಲೆ ಜಾಗ ಸಿಕ್ಕಿತ್ತು. ಇನ್ನೊಬ್ಬರ ಜನರನ್ನು ಜಗಲಿ ಹತ್ತಲು ಬಿಟ್ಟಿರಲಿಲ್ಲ. ಯಾರು ಸರಿ ಅಂತ ಮಕ್ಕಳು ಕೇಳುತ್ತಾರೆ. ಆ ವರ್ಷದ ಹಳ್ಳಿ ತಿಳಿಯಬೇಕಾದರೆ ಇಬ್ಬರನ್ನೂ ಓದಿ, ಅಂಬೇಡ್ಕರ್ ಅವರನ್ನು ಮೊದಲು ಓದಿ ಅಂತ ನಾನು ಹೇಳುತ್ತಿದ್ದೆ. ಮೇಲಿನಿಂದ ಕಂಡ ಹಳ್ಳಿ ನಮ್ಮ ಪಠ್ಯಗಳಲ್ಲಿ ಬೇಕಾದಷ್ಟಿದೆ.

ಶ್ರೀನಿವಾಸ್ ಕತೆಗೆ ಇನ್ನೊಂದು ತಿರುವು ಇದೆ. 1970ರ ಏಪ್ರಿಲ್ 24. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರು ರಾಮಪುರದ ಪುಸ್ತಕ ಬರೆಯಲು ಕೂತಿದ್ದರು. ಅವರಿದ್ದ ಸಂಸ್ಥೆಗೆ ಯಾರೋ ಬೆಂಕಿ ಇಟ್ಟರು. ಹದಿನೆಂಟು ವರ್ಷ ತಿದ್ದಿ ಜೋಡಿಸಿಕೊಂಡಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಅದೇ ಕೋಣೆಯಲ್ಲಿದ್ದವು. ಮೂರೂ ಸುಟ್ಟುಹೋದವು. ನೆನಪಿನಿಂದಲೇ ಬರೆಯಿರಿ ಎಂದು ಸೋಲ್ ಟ್ಯಾಕ್ಸ್ ಎಂಬ ವಿದ್ವಾಂಸರು ಧೈರ್ಯ ಹೇಳಿದರು. ಹಾಗೆ ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. ಅದರಲ್ಲಿ ಕೋಷ್ಟಕ ಕಡಿಮೆ, ಜನ ಜಾಸ್ತಿ. ಪಟೇಲರ ಗತ್ತು, ಕುಳ್ಳೇಗೌಡ ಎಂಬ ಸಹಾಯಕನ ಓಡಾಟ, ಊರಿನವರ ಕೀಟಲೆ ಎಲ್ಲ ಇದೆ. ನೆನಪನ್ನು ಆಧಾರ ಅಂತ ಒಪ್ಪಬಹುದೇ ಎಂದು ವಿದ್ವಾಂಸರು ಚರ್ಚಿಸಿದರು. ನನಗನ್ನಿಸುವುದು, ಅಂಕಿ ಸುಟ್ಟರೂ ಉಳಿಯುವಷ್ಟು ಆ ಊರು ಅವರೊಳಗೆ ಇಳಿದಿತ್ತು. ಒಂದು ದಿನದ ಫಾರಂನಿಂದ ಅದು ಬರುವುದಿಲ್ಲ.

ಹಾಗಂತ ಫಾರಂ ಬೇಡ ಅಂತಲ್ಲ. ಒಂದು ಊರು ನೋಡಿ ಇಡೀ ರಾಜ್ಯದ ಮಾತು ಹೇಳಲಾಗುವುದಿಲ್ಲ. ಅದಕ್ಕೆ ಎಣಿಕೆ ಬೇಕೇ ಬೇಕು. ಕೇಳುವ ಪ್ರಶ್ನೆ ಮಾತ್ರ ಸರಿಯಿರಬೇಕು.

ನಾನು ಮಾರನೆಯ ದಿನ ಆ ಮನೆಗೆ ತಿರುಗಿ ಹೋದೆ. ರಾತ್ರಿಯೆಲ್ಲ ಆ ಹುಲ್ಲಿನ ಹೊರೆ ಕಣ್ಣಿಗೆ ಕಟ್ಟಿತ್ತು. ಈ ಸಲ 'ಕೆಲಸ' ಅನ್ನುವ ಪದವನ್ನೇ ಬಿಟ್ಟೆ. "ಅಮ್ಮಾ, ನಿನ್ನೆ ಎದ್ದಾಗಿನಿಂದ ಮಲಗೋವರೆಗೆ ಏನೇನು ಮಾಡಿದಿರಿ, ಹೇಳಿ" ಅಂದೆ. ಅತ್ತೆ ಶುರು ಮಾಡಿದರು, ಸೊಸೆ ಒಳಗಿಂದಲೇ ಸೇರಿಸಿದರು. ಎರಡು ಪುಟ ತುಂಬಿತು.

"ಇಷ್ಟೆಲ್ಲ ಬರ್ಕೊಂಡು ಏನ್ ಮಾಡ್ತೀಯಪ್ಪ?" ಅಂತ ಕೇಳಿದರು.

"ನೀವಿಬ್ಬರೂ ಕೆಲಸ ಮಾಡ್ತೀರಿ ಅಂತ ಬರೀತೀನಿ ಅಮ್ಮ" ಅಂದೆ.

ಅವರು ಒಳಗೆ ತಿರುಗಿ, "ಕೇಳಿದ್ಯೇನೇ, ನಾವೂ ಲೆಕ್ಕಕ್ಕೆ ಸೇರಿದ್ವಂತೆ" ಅಂದರು.

ಸೇರಲಿಲ್ಲ. 'ಮೂರು' ಎಂದು ಬರೆದ ಫಾರಂ ಮೇಲಿನವರಿಂದ ವಾಪಸ್ ಬಂತು. ನಿಯಮದ ಪ್ರಕಾರ 'ಒಂದು' ಎಂದೇ ತಿದ್ದಿ ಕೊಡಬೇಕಾಯಿತು. ಆ ಎರಡು ಪುಟವನ್ನು ಮಾತ್ರ ನಾನು ಇಟ್ಟುಕೊಂಡೆ.

2019ರಲ್ಲಿ ನಮ್ಮ ಸರ್ಕಾರ ದೇಶದ ಉದ್ದಗಲಕ್ಕೂ ಮೊದಲ ಬಾರಿಗೆ ಸಮಯ ಬಳಕೆಯ ಸಮೀಕ್ಷೆ ಮಾಡಿತು. ಕೆಲಸ ಮಾಡುತ್ತೀರಾ ಎಂದು ಕೇಳದೆ, ಹಿಂದಿನ ದಿನ ಯಾವ ಹೊತ್ತಿನಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಆ ವರ್ಷ ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಅದೇ ಕೆಲಸ ಮಾಡುವ ಗಂಡಸರು 97 ನಿಮಿಷ. ಮನೆಗೆಲಸಕ್ಕೆ ಕೈ ಹಾಕುತ್ತಿದ್ದ ಗಂಡಸರೇ ನಾಲ್ವರಲ್ಲಿ ಒಬ್ಬರು.

ಆ ವರದಿ ಓದಿದ ದಿನ ಪೆಟ್ಟಿಗೆ ತೆಗೆದು ಆ ಎರಡು ಪುಟ ಹುಡುಕಿದೆ. ಮಸಿ ಮಾಸಿತ್ತು, ಓದಲು ಬರುತ್ತಿತ್ತು. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು ಸೊಸೆ ಹೇಳಿದ್ದನ್ನೆಲ್ಲ ಕೂಡಿದೆ. ಹಾಲು, ಒಲೆ, ನೀರು, ಹುಲ್ಲು, ಕೊಟ್ಟಿಗೆ, ಬಟ್ಟೆ, ಮತ್ತೆ ಹಾಲು, ಮತ್ತೆ ಒಲೆ. ಹದಿನಾಲ್ಕು ಗಂಟೆ ಆಯಿತು.

ನಮಸ್ಕಾರ.