ಜಪಾನಿಗೆ ಹೊರಟಿದ್ದೀರಾ? ರೈಲು ಪಾಸ್ ಕೊಳ್ಳೋಕೆ ಮುಂಚೆ ಇದನ್ನ ಕೇಳಿ

ನಮಸ್ಕಾರ. ಜಪಾನಿಗೆ ವಿಮಾನದ ಟಿಕೆಟ್ ಆದ ತಕ್ಷಣ ನಮ್ಮೋರು ಬಹಳಷ್ಟು ಜನ ಮಾಡೋ ಮುಂದಿನ ಖರ್ಚು ಜೆಆರ್, ಅಂದ್ರೆ ಜಪಾನ್ ರೈಲ್ವೇಸ್, ಪಾಸ್. ಏಳು ದಿನ ದೇಶದ ತುಂಬಾ ಜೆಆರ್ ರೈಲುಗಳಲ್ಲಿ ಓಡಾಡಬಹುದು ಅನ್ನೋ ಪಾಸ್ ಅದು. ಹಳೇ ವಿಡಿಯೋಗಳು ಹೇಳ್ತವೆ, ಹೋಗಿ ಬಂದ ನೆಂಟರೂ ಹೇಳ್ತಾರೆ, "ಪಾಸ್ ಇಲ್ದೆ ಹೋಗ್ಬೇಡಿ" ಅಂತ. ನಾನು ಉಲ್ಟಾ ಹೇಳ್ತೀನಿ. ಮೊದಲ ಸಲ, ಎಂಟು-ಹತ್ತು ದಿನಕ್ಕೆ ಹೋಗೋರಿಗೆ ಆ ಪಾಸ್ ಬೇಡ. ದುಡ್ಡೂ ದಂಡ, ಪ್ರವಾಸವೂ ಕೆಡುತ್ತೆ.

ಲೆಕ್ಕ ನೋಡಿ. 2023ರ ಅಕ್ಟೋಬರ್‌ಗೆ ಮುಂಚೆ ಏಳು ದಿನದ ಪಾಸ್ 29,650 ಯೆನ್ ಇತ್ತು. ಆಗ ಆ ಸಲಹೆ ಸರಿಯಾಗೇ ಇತ್ತು. ಆ ತಿಂಗಳು ಅದನ್ನ ಒಂದೇ ಏಟಿಗೆ 50,000 ಯೆನ್‌ಗೆ ಏರಿಸಿದರು. ಟೋಕಿಯೋದಿಂದ ಕ್ಯೋಟೋಗೆ ಶಿಂಕಾನ್‌ಸೆನ್ ಅನ್ನೋ ಬುಲೆಟ್ ರೈಲಲ್ಲಿ ಒಂದು ಕಡೆಗೆ ಸುಮಾರು 14,000 ಯೆನ್. ಹೋಗಿ ಬಂದರೆ 28,000. ಹಿರೋಶಿಮಾವರೆಗೂ ಹೋಗಿ ಬಂದರೂ 40,000 ದಾಟಲ್ಲ. ಅದಕ್ಕೆ ನರಿಟಾ ಏರ್‌ಪೋರ್ಟಿನ ರೈಲು ಸೇರಿಸಿ, ಆಗಲೂ ಪಾಸಿನ ದುಡ್ಡು ಹುಟ್ಟಲ್ಲ. ಸಾಲದ್ದಕ್ಕೆ, ಎಲ್ಲಕ್ಕಿಂತ ವೇಗದ, ಹತ್ತು-ಹದಿನೈದು ನಿಮಿಷಕ್ಕೊಂದು ಬರೋ ನೊಝೊಮಿ ಗಾಡಿಗೆ ಪಾಸ್ ಇದ್ದೋರು ಮತ್ತೆ ಬೇರೆ ದುಡ್ಡು ಕಟ್ಟಬೇಕು. ಟೋಕಿಯೋ-ಕ್ಯೋಟೋಗೆ ಅದೇ ಸುಮಾರು 5,000 ಯೆನ್. ಇನ್ನು ನೀವು ದಿನಾ ಹತ್ತೋದು ಟೋಕಿಯೋ ಮೆಟ್ರೋ, ಒಸಾಕಾ ಮೆಟ್ರೋ, ಕ್ಯೋಟೋದ ಸಿಟಿ ಬಸ್ಸು. ಇವು ಯಾವುವೂ ಜೆಆರ್ ಅಲ್ಲ. ಪಾಸ್ ಅಲ್ಲಿ ಕೆಲಸಕ್ಕೆ ಬರಲ್ಲ.

ಪ್ರವಾಸ ಕೆಡೋದು ಹೇಗೆ ಅಂದರೆ, 50,000 ಕೊಟ್ಟ ಮೇಲೆ ಅದನ್ನ ವಸೂಲಿ ಮಾಡಬೇಕು ಅನ್ನಿಸುತ್ತೆ. ಅಲ್ಲಿಂದ ಊರು ಹೆಚ್ಚಾಗುತ್ತೆ. ಟೋಕಿಯೋ, ನಾಗೋಯಾ, ಕನಜಾವಾ, ಕ್ಯೋಟೋ, ಒಸಾಕಾ, ಹಿರೋಶಿಮಾ, ಮತ್ತೆ ಟೋಕಿಯೋ. ದಿನಕ್ಕೊಂದು ಹೋಟೆಲ್. ಅಲ್ಲಿ ಬಹುತೇಕ ಹೋಟೆಲುಗಳು ಮಧ್ಯಾಹ್ನ ಮೂರರವರೆಗೆ ರೂಮ್ ಕೊಡಲ್ಲ, ಬೆಳಗ್ಗೆ ಹತ್ತು-ಹನ್ನೊಂದಕ್ಕೆ ಖಾಲಿ ಮಾಡಿಸ್ತಾರೆ. ಅಂದ್ರೆ ಊರು ಬದಲಿಸಿದ ಪ್ರತಿ ದಿನವೂ ಅರ್ಧ ದಿನ ಪೆಟ್ಟಿಗೆ ಎಳೆಯೋದರಲ್ಲೇ ಮುಗಿಯಿತು.

ಅದರ ಬದಲು ಎರಡೇ ಕಡೆ ಬಿಡಾರ ಹೂಡಿ. ಟೋಕಿಯೋದಲ್ಲಿ ನಾಲ್ಕು ರಾತ್ರಿ, ಕ್ಯೋಟೋ ಅಥವಾ ಒಸಾಕಾದಲ್ಲಿ ನಾಲ್ಕು ರಾತ್ರಿ. ನಾರಾ, ಕೋಬೆ, ಹಿಮೇಜಿ ಎಲ್ಲವೂ ಒಸಾಕಾದಿಂದ ಬೆಳಗ್ಗೆ ಹೋಗಿ ಸಂಜೆ ಬರೋ ದೂರ. ಬೆಂಗಳೂರಿಂದ ನರಿಟಾಗೆ ನೇರ ವಿಮಾನ ಇದೆ, ಅದು ಆಕರ್ಷಣೆಯೇ. ಆದರೆ ಸಿಂಗಾಪುರ, ಬ್ಯಾಂಕಾಕ್ ಮೇಲೆ ಹೋಗೋ ಟಿಕೆಟನ್ನೂ ಒಂದು ಸಲ ನೋಡಿ: ಟೋಕಿಯೋದಲ್ಲಿ ಇಳಿದು ಒಸಾಕಾದ ಕನ್ಸಾಯ್ ಏರ್‌ಪೋರ್ಟಿನಿಂದ ವಾಪಸ್ ಹತ್ತೋ ಹಾಗೆ. ಆಗ ಶಿಂಕಾನ್‌ಸೆನ್ ಟಿಕೆಟ್ ಒಂದೇ ಕಡೆಗೆ ಸಾಕು. ಹಿರೋಶಿಮಾ ನೋಡಲೇಬೇಕು ಅಂದ್ರೆ ಜೆಆರ್ ವೆಸ್ಟ್‌ನ ಐದು ದಿನದ ಕನ್ಸಾಯ್-ಹಿರೋಶಿಮಾ ಪಾಸ್ ತಗೊಳ್ಳಿ. ಸುಮಾರು 17,000 ಯೆನ್. ಒಸಾಕಾ-ಹಿರೋಶಿಮಾ ಹೋಗಿ ಬರೋ ಟಿಕೆಟ್ಟೇ 20,000 ದಾಟುತ್ತೆ, ಹಾಗಾಗಿ ಇದು ಮೊದಲ ದಿನವೇ ಗಿಟ್ಟುತ್ತೆ. ಈ ಪಾಸಿನಲ್ಲಿ ಒಸಾಕಾ-ಹಿರೋಶಿಮಾ ಮಧ್ಯೆ ನೊಝೊಮಿನೂ ಹತ್ತಬಹುದು, ಮಿಯಾಜಿಮಾ ದ್ವೀಪದ ಜೆಆರ್ ದೋಣಿಯೂ ಇದರಲ್ಲೇ ಬಂತು.

ಊರೊಳಗೆ ಓಡಾಡೋಕೆ, ದುಡ್ಡು ತುಂಬಿಸಿ ಗೇಟಲ್ಲಿ ತಟ್ಟೋ ಸೂಯ್ಕಾ ಥರದ ಕಾರ್ಡು. ಪ್ರವಾಸಿಗರಿಗೆ ವೆಲ್ಕಮ್ ಸೂಯ್ಕಾ ಅಂತ ಏರ್‌ಪೋರ್ಟಲ್ಲೇ ಸಿಗುತ್ತೆ, 28 ದಿನ ನಡೆಯುತ್ತೆ. ಉಳಿದ ದುಡ್ಡು ವಾಪಸ್ ಕೊಡಲ್ಲ, ಅದಕ್ಕೆ ಒಂದೇ ಸಲ ಜಾಸ್ತಿ ತುಂಬಬೇಡಿ. ಇಲ್ಲಿ ಕೊಂಡ ಆಂಡ್ರಾಯ್ಡ್ ಫೋನುಗಳಲ್ಲಿ ಮೊಬೈಲ್ ಸೂಯ್ಕಾ ಸಾಮಾನ್ಯವಾಗಿ ನಡೆಯಲ್ಲ, ಅದಕ್ಕೆ ಬೇಕಾದ ಜಪಾನಿ ವ್ಯವಸ್ಥೆ ಆ ಫೋನಲ್ಲಿ ಇರಲ್ಲ. ಪ್ಲಾಸ್ಟಿಕ್ ಕಾರ್ಡು ತಗೊಂಡು ಸ್ಟೇಷನ್ ಮೆಷಿನ್ನಲ್ಲಿ ನೋಟು ಹಾಕಿ ತುಂಬಿಸಿ. ಜನ ಸಿಕ್ಕಿಹಾಕಿಕೊಳ್ಳೋ ಜಾಗ ಒಂದಿದೆ. ಈ ಕಾರ್ಡು ಟೋಕಿಯೋದಲ್ಲೂ ನಡೆಯುತ್ತೆ, ಒಸಾಕಾದಲ್ಲೂ ನಡೆಯುತ್ತೆ. ಆದರೆ ಒಂದು ವಲಯದಲ್ಲಿ ತಟ್ಟಿ ಒಳಗೆ ಹೋಗಿ, ಸಾಮಾನ್ಯ ರೈಲಲ್ಲೇ ಹೋಗಿ ಇನ್ನೊಂದು ವಲಯದಲ್ಲಿ ಹೊರಗೆ ಬರೋಕೆ ಆಗಲ್ಲ. ಟೋಕಿಯೋ ಕಡೆಯಿಂದ ವಲಯದ ಗಡಿಯಲ್ಲಿರೋ ಅತಾಮಿ ಸ್ಟೇಷನ್ ದಾಟಿ ಹೋದರೆ ಗೇಟು ತೆರೆಯಲ್ಲ. ದೂರದ ಪ್ರಯಾಣಕ್ಕೆ ಕಾಗದದ ಟಿಕೆಟ್ ತಗೊಳ್ಳಿ.

ಕ್ಯೋಟೋ ಬಸ್ಸಲ್ಲಿ ಹಿಂದಿನ ಬಾಗಿಲಿಂದ ಹತ್ತಿ ಇಳಿಯುವಾಗ ಮುಂದೆ ದುಡ್ಡು ಕೊಡೋದು ವಾಡಿಕೆ. ಬಹುತೇಕ ಎಲ್ಲಾ ಕಡೆಗೂ ಒಂದೇ ದರ, 230 ಯೆನ್. ಆ ಬಸ್ಸಿಗೆ ದೊಡ್ಡ ಪೆಟ್ಟಿಗೆ ಮಾತ್ರ ಹತ್ತಿಸಬೇಡಿ. ಅಲ್ಲಿಯ ಜನ ಕೆಲಸಕ್ಕೆ ಹೋಗೋ ಬಸ್ಸು ಅದು.

ಪೆಟ್ಟಿಗೆಯ ವಿಷಯ ಬಂತಲ್ಲ. ಮನೆಯಲ್ಲೇ ಟೇಪು ಹಿಡಿದು ಅಳೆಯಿರಿ: ಉದ್ದ, ಅಗಲ, ದಪ್ಪ ಮೂರನ್ನೂ ಕೂಡಿ, ಚಕ್ರ-ಹಿಡಿ ಸೇರಿಸಿ. ಮೊತ್ತ 160 ಸೆಂಟಿಮೀಟರ್ ದಾಟಿದರೆ ಟೋಕಿಯೋ-ಒಸಾಕಾ ಶಿಂಕಾನ್‌ಸೆನ್‌ನಲ್ಲಿ ದೊಡ್ಡ ಸಾಮಾನಿನ ಜಾಗ ಇರೋ ಸೀಟನ್ನೇ ಕಾಯ್ದಿರಿಸಬೇಕು. ಅದಕ್ಕೆ ಬೇರೆ ಹಣ ಇಲ್ಲ. ಕಾಯ್ದಿರಿಸದೆ ತಂದರೆ 1,000 ಯೆನ್ ಕಟ್ಟಬೇಕು. ಇದಕ್ಕಿಂತ ಒಳ್ಳೇ ದಾರಿ ತಕ್ಯೂಬಿನ್. ಹೋಟೆಲಿನ ಕೌಂಟರಲ್ಲಿ ಬೆಳಗ್ಗೆ ಪೆಟ್ಟಿಗೆ ಕೊಟ್ಟು ಮುಂದಿನ ಹೋಟೆಲಿನ ವಿಳಾಸ ಬರೆಸಿದರೆ, ಟೋಕಿಯೋದಿಂದ ಕ್ಯೋಟೋಗೆ ಮಾರನೇ ದಿನ ತಲುಪಿರುತ್ತೆ. ದೊಡ್ಡ ಪೆಟ್ಟಿಗೆಗೆ ಎರಡರಿಂದ ಮೂರು ಸಾವಿರ ಯೆನ್. ಒಂದು ರಾತ್ರಿಯ ಬಟ್ಟೆ, ಔಷಧಿ ಕೈಚೀಲದಲ್ಲಿರಲಿ. ವಯಸ್ಸಾದ ಅಪ್ಪ-ಅಮ್ಮನ ಕರಕೊಂಡು ಹೋಗೋರು ಪಾಸಿಗೆ ಸುರಿಯೋ ದುಡ್ಡನ್ನ ಇಲ್ಲಿ ಹಾಕಿ, ಅವರ ಮಂಡಿ ಉಳಿಯುತ್ತೆ.

ಇನ್ನು ಊಟ. ಸಸ್ಯಾಹಾರಿಗಳಿಗೆ ಜಪಾನಿನಲ್ಲಿ ನಿಜವಾದ ಕಷ್ಟ ಇಲ್ಲೇ, ಮತ್ತು ಅದು ತಟ್ಟೆಯಲ್ಲಿ ಕಣ್ಣಿಗೆ ಬೀಳಲ್ಲ. ಅದರ ಹೆಸರು ದಾಶಿ. ಕತ್ಸುವೊ ಅನ್ನೋ ಮೀನನ್ನ ಹೊಗೆಯಲ್ಲಿ ಒಣಗಿಸಿ, ಕಾಗದದ ಹಾಗೆ ಹೆರೆದು, ಬಿಸಿನೀರಿಗೆ ಹಾಕಿ ತೆಗೆದ ಸಾರ. ನಮ್ಮ ಅಡುಗೆಗೆ ಒಗ್ಗರಣೆ ಹೇಗೋ ಅವರ ಅಡುಗೆಗೆ ಇದು ಹಾಗೆ. ಮಿಸೋ ಸೂಪು, ಉಡೋನ್ ಮತ್ತು ಸೋಬಾ ನೂಡಲ್ಸಿನ ಸಾರು, ಬಜ್ಜಿ ಥರದ ತರಕಾರಿ ಟೆಂಪುರಾ ಅದ್ದೋ ರಸ, ದಪ್ಪ ದೋಸೆ ಥರದ ಒಕೊನೊಮಿಯಾಕಿಯ ಹಿಟ್ಟು, ಎಲ್ಲದರಲ್ಲೂ ಇರುತ್ತೆ. "ಮಾಂಸ ಬೇಡ" ಅಂತ ಹೇಳಿದರೆ ಅವರು ಪ್ರಾಮಾಣಿಕವಾಗಿ ಮಾಂಸದ ತುಂಡು ತೆಗೆದು ಕೊಡ್ತಾರೆ, ಸಾರು ಅದೇ ಇರುತ್ತೆ. ಅದು ಮೋಸ ಅಲ್ಲ. ಸಾರು ಬೆಳಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಕುದಿಸಿ ಇಟ್ಟಿರ್ತಾರೆ, ನೀವು ಹೋಗಿ ಕೂತ ಮೇಲೆ ಅದನ್ನ ಬದಲಿಸೋಕೆ ಆಗಲ್ಲ. ಆದ್ದರಿಂದ ಮೀನಿನ ಸಾರದ ಹೆಸರು ಹಿಡಿದೇ ಹೇಳಬೇಕು: "ನಿಕು ತೊ ಸಕನಾ ವಾ ತಾಬೆರಾರೆಮಾಸೆನ್, ಕತ್ಸುವೊ ದಾಶಿ ಮೊ ತಾಬೆರಾರೆಮಾಸೆನ್." ಮಾಂಸ, ಮೀನು ತಿನ್ನಲ್ಲ, ಕತ್ಸುವೊ ದಾಶಿಯೂ ತಿನ್ನಲ್ಲ ಅಂತ. ಇದನ್ನ ಜಪಾನಿ ಲಿಪಿಯಲ್ಲಿ ಫೋನಲ್ಲಿಟ್ಟುಕೊಂಡು, ಕೂರೋಕೆ ಮುಂಚೆ ಬಾಗಿಲಲ್ಲೇ ತೋರಿಸಿ.

ಸೆವೆನ್ ಇಲೆವೆನ್ ಥರದ ಅಂಗಡಿಯಲ್ಲಿ ಅನ್ನದ ಉಂಡೆ ಒನಿಗಿರಿ ಸಿಗುತ್ತೆ. ಒಳಗೆ ಹುಳಿಹಣ್ಣು ಉಮೆ ಇರೋದು ಸೇಫ್ ಅಂತ ಎಲ್ಲರೂ ಹೇಳ್ತಾರೆ. ಪೊಟ್ಟಣ ತಿರುಗಿಸಿ ಓದಿ, ಎಷ್ಟೋ ಸಲ ಅದರಲ್ಲೂ ಕತ್ಸುವೊ ಸಾರ ಇರುತ್ತೆ. ಲೇಬಲ್ ಓದೋದರಲ್ಲೂ ಒಂದು ಎಚ್ಚರ ಬೇಕು. ಅಲರ್ಜಿಯ ಪಟ್ಟಿಯಲ್ಲಿ ಕಾನೂನು ಪ್ರಕಾರ ಕಡ್ಡಾಯವಾಗಿ ಹಾಕೋದು ಮೊಟ್ಟೆ, ಹಾಲು, ಗೋಧಿ, ಸೀಗಡಿ, ಏಡಿ ಇಂಥವು. ಕತ್ಸುವೊ ಆ ಕಡ್ಡಾಯದಲ್ಲಿಲ್ಲ. ಆ ಚೌಕದಲ್ಲಿ ಕಾಣಲಿಲ್ಲ ಅಂತ ನೆಮ್ಮದಿ ಬೇಡ, ಪೂರ್ತಿ ಪದಾರ್ಥಗಳ ಸಾಲಿಗೆ ಗೂಗಲ್ ಲೆನ್ಸ್ ಹಿಡಿಯಿರಿ.

ಜಪಾನಿ ಊಟವನ್ನೇ ಶುದ್ಧ ಸಸ್ಯಾಹಾರದಲ್ಲಿ ಉಣ್ಣೋ ಆಸೆ ಇದ್ದರೆ ಶೋಜಿನ್ ರ್ಯೋರಿ ಹುಡುಕಿ. ಬೌದ್ಧ ಮಠದ ಅಡುಗೆ. ಸಾರ ತೆಗೆಯೋದು ಕೊಂಬು ಅನ್ನೋ ಕಡಲಪಾಚಿಯಿಂದ, ಒಣ ಅಣಬೆಯಿಂದ. ಕ್ಯೋಟೋದಲ್ಲಿ ಸಿಗುತ್ತೆ, ಕೋಯಾಸಾನ್ ಬೆಟ್ಟದ ಮಠಗಳಲ್ಲಿ ರಾತ್ರಿ ತಂಗಿಯೂ ಉಣ್ಣಬಹುದು. ಮುಂಚಿತವಾಗಿ ಬುಕ್ ಮಾಡಲೇಬೇಕು. ಈರುಳ್ಳಿ-ಬೆಳ್ಳುಳ್ಳಿ ಬಿಟ್ಟ ನಮ್ಮ ಹಿರಿಯರೂ ನಿಶ್ಚಿಂತೆಯಿಂದ ಉಣ್ಣೋ ಊಟ ಇದು, ಯಾಕಂದ್ರೆ ಆ ಸಂಪ್ರದಾಯದಲ್ಲೂ ಅವೆರಡು ನಿಷಿದ್ಧ. ಟೋಕಿಯೋದಲ್ಲಿ ನಮ್ಮ ಊಟವೇ ಬೇಕು ಅಂದ್ರೆ ನಿಶಿಕಸಾಯ್ ಕಡೆ ಹೋಗಿ, ಭಾರತೀಯರು ಹೆಚ್ಚಿರೋ ಬಡಾವಣೆ ಅದು.

ಚಟ್ನಿಪುಡಿ, ಅವಲಕ್ಕಿ, ಬಿಸಿನೀರು ಹಾಕೋ ಉಪ್ಪಿಟ್ಟಿನ ಪೊಟ್ಟಣ ಒಯ್ಯಿರಿ, ಹೋಟೆಲ್ ರೂಮಲ್ಲಿ ಕೆಟಲ್ ಸಾಮಾನ್ಯವಾಗಿ ಇರುತ್ತೆ. ಹಸಿ ಕರಿಬೇವು, ಹಸಿಮೆಣಸಿನಕಾಯಿ, ಹಣ್ಣು ಮಾತ್ರ ಬೇಡ. ಏರ್‌ಪೋರ್ಟಿನ ಸಸ್ಯ ತಪಾಸಣೆಯಲ್ಲಿ ತಡೀತಾರೆ. ಕೋಡೀನ್ ಇರೋ ಕೆಮ್ಮಿನ ಸಿರಪ್, ಸೂಡೋಎಫೆಡ್ರಿನ್ ಇರೋ ನೆಗಡಿ ಮಾತ್ರೆ ಬಿಟ್ಟು ಹೋಗಿ. ವೈದ್ಯರು ಬರೆದ ಔಷಧಿ ಒಂದು ತಿಂಗಳಿಗಿಂತ ಹೆಚ್ಚು ಒಯ್ಯೋದಾದರೆ ಮೊದಲೇ ಅಲ್ಲಿಯ ಸರ್ಕಾರದ ಅನುಮತಿ ಪತ್ರ ಬೇಕು. ಅಲ್ಲಿ ಕರೆಂಟು 100 ವೋಲ್ಟು, ಚಪ್ಪಟೆ ಎರಡು ಪಿನ್ನಿನ ಸಾಕೆಟ್ಟು. ಫೋನ್ ಚಾರ್ಜರ್ ಅಡಾಪ್ಟರ್ ಹಾಕಿದರೆ ನಡೆಯುತ್ತೆ, ಇಲ್ಲಿಯ ಇಸ್ತ್ರಿಪೆಟ್ಟಿಗೆ ಕಾಯಲ್ಲ. ಪಾಸ್‌ಪೋರ್ಟ್ ಸದಾ ಜೊತೆಯಲ್ಲಿರಬೇಕು, ಅದು ಅಲ್ಲಿಯ ಕಾನೂನು.

ಡೆಬಿಟ್ ಕಾರ್ಡಿನಲ್ಲಿ ವಿದೇಶಿ ಬಳಕೆ ತಾನಾಗೇ ಆನ್ ಇರಲ್ಲ, ಹೊರಡೋಕೆ ಮುಂಚೆ ಬ್ಯಾಂಕ್ ಆ್ಯಪಲ್ಲಿ ಆನ್ ಮಾಡಿ. ಸೆವೆನ್ ಇಲೆವೆನ್ ಅಂಗಡಿಯೊಳಗಿನ ಎಟಿಎಂನಲ್ಲಿ ನಮ್ಮ ಕಾರ್ಡು ನಡೆಯುತ್ತೆ. ರೂಪಾಯಿಯಲ್ಲಿ ಲೆಕ್ಕ ಹಾಕಲೇ ಅಂತ ಯಂತ್ರ ಕೇಳಿದರೆ ಬೇಡ ಅನ್ನಿ, ಯೆನ್ ಒತ್ತಿ. ರೂಪಾಯಿ ಒತ್ತಿದರೆ ಕಳಪೆ ದರ ಬೀಳುತ್ತೆ.

ಕೊನೆಗೆ ದಿನಾಂಕ. ನಮ್ಮ ಮಕ್ಕಳ ಬೇಸಿಗೆ ರಜೆಗೆ ಸರಿಯಾಗಿ ಅಲ್ಲಿ ಗೋಲ್ಡನ್ ವೀಕ್ ಬರುತ್ತೆ, ಏಪ್ರಿಲ್ 29ರಿಂದ ಮೇ ಮೊದಲ ವಾರದವರೆಗೆ. ಇಡೀ ಜಪಾನ್ ರಸ್ತೆಗೆ ಇಳಿದಿರುತ್ತೆ. ಆ ದಿನಗಳಲ್ಲಿ ನೊಝೊಮಿಯಲ್ಲಿ ಕಾಯ್ದಿರಿಸದ ಬೋಗಿಯೇ ಇರಲ್ಲ. ಸಾಧ್ಯವಾದರೆ ಏಪ್ರಿಲ್ 20ರೊಳಗೆ ಮುಗಿಸಿ ಬನ್ನಿ. ಆಗಲ್ಲ ಅಂದ್ರೆ, ಸೀಟುಗಳ ಸಾಮಾನ್ಯ ಮಾರಾಟ ಪ್ರಯಾಣಕ್ಕೆ ಒಂದು ತಿಂಗಳ ಮುಂಚೆ ಜಪಾನಿನ ಬೆಳಗ್ಗೆ 10ಕ್ಕೆ, ಅಂದ್ರೆ ನಮ್ಮ ಬೆಳಗ್ಗೆ ಆರೂವರೆಗೆ ಶುರುವಾಗುತ್ತೆ. ಶಿಂಕಾನ್‌ಸೆನ್ ಸೀಟು ಕಾಯ್ದಿರಿಸೋ ಸ್ಮಾರ್ಟ್‌ಇಎಕ್ಸ್ ಆ್ಯಪಲ್ಲಿ ಖಾತೆ ತೆರೆದು ಕಾರ್ಡು ಸೇರಿಸಿ ಮೊದಲೇ ಸಿದ್ಧ ಇಟ್ಟುಕೊಳ್ಳಿ. ಟೋಕಿಯೋದಿಂದ ಹೊರಡೋವಾಗ ಇ ಅಕ್ಷರದ ಕಿಟಕಿ ಸೀಟು ಆರಿಸಿ, ಫುಜಿ ಬೆಟ್ಟ ಆ ಕಡೆಗೇ ಬರುತ್ತೆ.