ಕೊಂಪಾನ್ಯೋನಿಯ ಎರಡು ಮೊಣಕಾಲು

ಎಲ್ಲರಿಗೂ ನಮಸ್ಕಾರ. ಕೋಚ್‌ಗಳಿಗೆ, ಪಿ.ಟಿ. ಮೇಷ್ಟ್ರು, ಮೇಡಂಗಳಿಗೆ, ಮುಂದಿನ ಸಾಲಿನಲ್ಲಿ ಕಾಲು ಚಾಚಿ ಕೂತಿರುವ ಹುಡುಗಿಯರಿಗೆ. ಸಂಕೋಚ ಬೇಡಮ್ಮ, ಚಾಚಿಕೊಂಡೇ ಕೂತಿರಿ. ಆಪರೇಷನ್ ಆದ ಮೊಣಕಾಲನ್ನು ಜಾಸ್ತಿ ಹೊತ್ತು ಮಡಚಿಟ್ಟರೆ ನೋವು ನಿಮಗೇ.

ಕಬಡ್ಡಿ, ಖೋ ಖೋ ಆಡುವವರ ಶಿಬಿರದಲ್ಲಿ ಇಟಲಿಯ ಸ್ಕೀ ಓಟಗಾರ್ತಿಯ ಮಾತು ಯಾಕೆ ಅಂತ ಸಂಘಟಕರೇ ಕೇಳಿದರು. ನಮ್ಮಲ್ಲಿ ಹಿಮ ಇಲ್ಲ, ನಿಜ. ಮೊಣಕಾಲು ಇದೆಯಲ್ಲ! ಎಸಿಎಲ್ ಅಂದರೆ ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಲಿಗಮೆಂಟ್ ಅಂತ ಈ ಹಾಲ್‌ನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕಬಡ್ಡಿಯಲ್ಲಿ ಪಾದ ನೆಲಕ್ಕೆ ಊರಿರುತ್ತದೆ, ಮೈ ಬೇರೆ ಕಡೆ ತಿರುಗುತ್ತದೆ, ಒಳಗೆ ಪಟ್ ಅನ್ನುತ್ತದೆ. ಸ್ಕೀಯಲ್ಲೂ ಅಷ್ಟೇ. ಕಾಲಿಗೆ ಕಟ್ಟಿದ ಪಟ್ಟಿ ಒಂದು ಕಡೆ, ದೇಹ ಇನ್ನೊಂದು ಕಡೆ. ನಡುವೆ ಸಿಕ್ಕಿಕೊಳ್ಳುವುದು ಮೊಣಕಾಲು.

ಫಿಸಿಯೋಥೆರಪಿಗೆ ಬರುವ ಹುಡುಗಿಯರೆಲ್ಲ ನನ್ನನ್ನು ಕೇಳುವುದು ಒಂದೇ ಪ್ರಶ್ನೆ. ‘ಮೇಡಂ, ನಾನು ಮೊದಲಿನ ಹಾಗೆ ಆಗ್ತೀನಾ?’ ಈ ಪ್ರಶ್ನೆ ಬದಲಾಗಬೇಕು. ‘ಈ ಕಾಲಿನಿಂದ ಇನ್ನು ಮುಂದೆ ನಾನು ಏನು ಮಾಡಬಹುದು?’ ಅಂತ ಕೇಳಬೇಕು. ಇಟಲಿಯ ಆ ಓಟಗಾರ್ತಿ ಡೆಬೋರಾ ಕೊಂಪಾನ್ಯೋನಿ ಅವರ ಕತೆಯನ್ನು ಇವತ್ತು ತಂದಿರುವುದು ಇದನ್ನು ಹೇಳುವುದಕ್ಕೆ.

ಡೆಬೋರಾ ಹುಟ್ಟಿದ್ದು 1970ರಲ್ಲಿ, ಬೋರ್ಮಿಯೋದಲ್ಲಿ. ಊರು ಅಲ್ಲೇ ಮೇಲಿನ ಕಣಿವೆಯ ಸಾಂತಾ ಕತೆರಿನಾ ವಾಲ್ಫುರ್ವಾ. 1954ರಲ್ಲಿ ಕೆ2 ಶಿಖರವನ್ನು ಮೊದಲ ಸಲ ಹತ್ತಿದ ಇಬ್ಬರಲ್ಲಿ ಒಬ್ಬರು ಅಕಿಲ್ಲೆ ಕೊಂಪಾನ್ಯೋನಿ. ಅವರೂ ಇದೇ ಊರಿನವರು, ಮನೆತನದ ಹೆಸರೂ ಒಂದೇ. ಅಂಥ ಊರಿನಲ್ಲಿ ಮಕ್ಕಳಿಗೆ ಬೆಟ್ಟ ಅಂದರೆ ಅಂಗಳ.

1987ರಲ್ಲಿ ಜೂನಿಯರ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಜೈಂಟ್ ಸ್ಲಾಲಮ್ ಚಿನ್ನ. ಜೈಂಟ್ ಸ್ಲಾಲಮ್ ಅಂದರೆ ತಿರುವಿನ ಮೇಲೆ ತಿರುವು ತೆಗೆದುಕೊಂಡು ಬೆಟ್ಟ ಇಳಿಯುವ ಓಟ. ಮರುವರ್ಷವೇ ಬಲ ಮೊಣಕಾಲು ಹೋಯಿತು. ಅದು ಸರಿಯಾಗುವ ಹೊತ್ತಿಗೆ, 1990ರಲ್ಲಿ, ಕರುಳಿನ ತೊಂದರೆಗೆ ತುರ್ತು ಆಪರೇಷನ್. ಇಪ್ಪತ್ತು ವರ್ಷಕ್ಕೇ ಇಷ್ಟೆಲ್ಲ ಅನುಭವಿಸಿದ್ದರು.

ಈಗ 1992ಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಇದು ನನಗೆ ತುಂಬ ಇಷ್ಟವಾದ ಕತೆ. ಆಲ್ಬರ್ವಿಲ್ ಒಲಿಂಪಿಕ್ಸ್, ಫೆಬ್ರವರಿ 18. ಮಹಿಳೆಯರ ಸೂಪರ್-ಜಿ ನಡೆದದ್ದು ಮೆರಿಬೆಲ್‌ನಲ್ಲಿ. ಸೂಪರ್-ಜಿಯಲ್ಲಿ ಇಳಿಯುವುದು ಒಂದೇ ಸಲ. ಗೇಟ್‌ಗಳು, ಅಂದರೆ ದಾಟಿಕೊಂಡು ಹೋಗಬೇಕಾದ ಕಂಬಗಳು, ದೂರ ದೂರ, ವೇಗ ಗಂಟೆಗೆ 100 ಕಿ.ಮೀ. ಆಸುಪಾಸು. ದಾರಿಯನ್ನು ಬೆಳಿಗ್ಗೆ ನೋಡಿ ನೆನಪಿಟ್ಟುಕೊಳ್ಳಬಹುದು, ಅದರ ಮೇಲೆ ಓಡಿ ಅಭ್ಯಾಸ ಮಾಡುವ ಹಾಗಿಲ್ಲ. ತಪ್ಪಿದರೆ ತಪ್ಪಿತು. ಫ್ರಾನ್ಸ್‌ನ ಕರೋಲ್ ಮೆರ್ಲ್ ತಮ್ಮದೇ ದೇಶದ ಹಿಮದಲ್ಲಿ ಚಿನ್ನದ ಆಸೆ ಇಟ್ಟುಕೊಂಡಿದ್ದರು. ಡೆಬೋರಾ ಅವರನ್ನು ಸೋಲಿಸಿದ್ದು 1.41 ಸೆಕೆಂಡ್‌ಗಳಿಂದ. ನೂರನೇ ಒಂದು ಸೆಕೆಂಡಿಗೂ ಪದಕ ಕೈತಪ್ಪುವ ಆಟದಲ್ಲಿ ಇದು ಭಾರೀ ಅಂತರ. ಬಲ ಮೊಣಕಾಲು ಒಮ್ಮೆ ಹೋಗಿ ಬಂದಿದ್ದ ಹುಡುಗಿ, ನೆನಪಿರಲಿ.

ಅದೇ ದಿನ, ಪಕ್ಕದ ವಾಲ್ ದಿಸೇರ್‌ನಲ್ಲಿ ಇಟಲಿಯವರೇ ಆದ ಆಲ್ಬರ್ಟೊ ಟೊಂಬಾ ಪುರುಷರ ಜೈಂಟ್ ಸ್ಲಾಲಮ್ ಗೆದ್ದರು. ಟೊಂಬಾ ಅಂದರೆ ಗದ್ದಲ, ನಗು, ಅಭಿಮಾನಿಗಳ ದಂಡು. ಡೆಬೋರಾ ಮಾತು ಕಡಿಮೆ. ಒಂದೇ ದಿನ ಇಟಲಿಗೆ ಎರಡು ಚಿನ್ನ. ಎಂಥ ದಿನ ಅಲ್ವಾ!

ಸಂಭ್ರಮ ಉಳಿದದ್ದು ಒಂದೇ ರಾತ್ರಿ. ಮರುದಿನ ಫೆಬ್ರವರಿ 19, ಮಹಿಳೆಯರ ಜೈಂಟ್ ಸ್ಲಾಲಮ್. ಮೊದಲ ಇಳಿತದಲ್ಲೇ ಡೆಬೋರಾ ಬಿದ್ದರು. ಎಡ ಮೊಣಕಾಲಿನ ಲಿಗಮೆಂಟ್ ಹರಿಯಿತು. ಈ ಸಲ ಇನ್ನೊಂದು ಕಾಲು. ಹಿಮದ ಮೇಲೆ ಮೊಣಕಾಲು ಹಿಡಿದುಕೊಂಡು ಅವರು ಚೀರಿದ್ದು ಟಿವಿಯ ಮೈಕ್‌ಗೆ ಸಿಕ್ಕಿತು. ಹಿಂದಿನ ದಿನ ಕುಣಿದಾಡಿದ್ದ ಮನೆಗಳೇ ಆ ಕೂಗನ್ನೂ ಕೇಳಿದವು. ನಮ್ಮ ಟೇಬಲ್ ಮೇಲೆ ಎರಡನೇ ಸಲ ಮಲಗುವ ಹುಡುಗಿಯರ ಮುಖ ನಾನು ನೋಡಿದ್ದೇನೆ. ಮೊದಲನೇ ಸಲ ಬರೀ ನೋವು ಇರುತ್ತದೆ. ಎರಡನೇ ಸಲಕ್ಕೆ ಮುಂದಿನ ತಿಂಗಳುಗಳು ಹೇಗಿರುತ್ತವೆ ಅನ್ನುವುದೂ ಗೊತ್ತಿರುತ್ತದೆ. ಆ ಕೂಗಿನಲ್ಲಿ ನನಗೆ ಕೇಳಿಸುವುದು ಅದು.

ಇನ್ನು ಮುಂದಿನದು ಮುಖ್ಯ. ಪೇಪರ್‌ನವರು ಇಂಥ ಕತೆಯನ್ನು ‘ಛಲದಿಂದ ಎದ್ದು ಬಂದಳು’ ಅಂತ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಎದ್ದು ಬಂದದ್ದು ಎಲ್ಲಿಗೆ ಅಂತ ನೋಡಿ. ಡೆಬೋರಾ ಎಲ್ಲಕ್ಕಿಂತ ವೇಗದ ಓಟವಾದ ಡೌನ್‌ಹಿಲ್ ಬಿಟ್ಟರು. ಅತಿ ವೇಗದ ಓಟಗಳಿಂದ ಹೆಚ್ಚುಕಡಿಮೆ ದೂರ ಸರಿದು, ಜೈಂಟ್ ಸ್ಲಾಲಮ್‌ಗೆ ತಮ್ಮನ್ನು ಕೊಟ್ಟುಕೊಂಡರು. ಅದರಲ್ಲಿ ಎರಡು ಇಳಿತ, ಎರಡಕ್ಕೂ ಬೇರೆ ಬೇರೆ ದಾರಿ, ಎರಡರ ಸಮಯ ಕೂಡಿಸಿ ಲೆಕ್ಕ. ಅಲ್ಲಿ ಬರೀ ಧೈರ್ಯ ಸಾಲದು. ತಿರುವು ಎಲ್ಲಿ ಶುರು ಮಾಡಬೇಕು, ಸ್ಕೀಯ ಅಂಚಿನ ಮೇಲೆ ಎಷ್ಟು ಭಾರ ಬಿಡಬೇಕು, ಅದೇ ಕೆಲಸ. ಚಿನ್ನ ತಂದ ಸೂಪರ್-ಜಿಯನ್ನು ಬದಿಗಿಟ್ಟು, ಮೊಣಕಾಲು ಹರಿದ ಜೈಂಟ್ ಸ್ಲಾಲಮ್ ಅನ್ನೇ ತಮ್ಮದಾಗಿ ಮಾಡಿಕೊಂಡರು! ಮೊದಲಿನ ಹಾಗೆ ಆಗಲಿಲ್ಲ ಅವರು. ಬೇರೆಯೇ ಓಟಗಾರ್ತಿಯಾದರು.

ಇದನ್ನು ಹೆದರಿಕೆ ಅಂತ ಯಾರೂ ಹೇಳಬೇಡಿ. 1994ರ ಜನವರಿ 29ರಂದು ಜರ್ಮನಿಯ ಗಾರ್ಮಿಶ್‌ನ ಡೌನ್‌ಹಿಲ್‌ನಲ್ಲಿ ಆಸ್ಟ್ರಿಯಾದ ಉಲ್ರಿಕೆ ಮಾಯರ್ ಬಿದ್ದು ತೀರಿಕೊಂಡರು. ಎರಡು ಸಲ ಸೂಪರ್-ಜಿ ವಿಶ್ವ ಚಾಂಪಿಯನ್. ಮನೆಯಲ್ಲಿ ಪುಟ್ಟ ಮಗಳಿದ್ದಳು. ‘ಏನಾಗಲ್ಲ, ಹೋಗು’ ಅಂತ ಹುಡುಗಿಯರನ್ನು ತಳ್ಳುವ ಕೋಚ್‌ಗಳಿಗೆ ನಾನು ಈ ಹೆಸರನ್ನು ಯಾವಾಗಲೂ ಹೇಳುತ್ತೇನೆ.

ಅದರ ಮುಂದಿನ ತಿಂಗಳೇ ನಾರ್ವೆಯ ಲಿಲ್ಲೆಹಾಮರ್‌ನಲ್ಲಿ ಒಲಿಂಪಿಕ್ಸ್. ಉದ್ಘಾಟನೆಯಲ್ಲಿ ಇಟಲಿಯ ಬಾವುಟ ಹಿಡಿದು ನಡೆದವರು ಡೆಬೋರಾ. ಎರಡು ವರ್ಷದ ಹಿಂದೆ ಚೀರಿದ್ದ ಅದೇ ಜೈಂಟ್ ಸ್ಲಾಲಮ್‌ನಲ್ಲಿ ಚಿನ್ನ. 1996ರಲ್ಲಿ ಸ್ಪೇನ್‌ನ ಸಿಯೆರ್ರಾ ನೆವಾಡಾದಲ್ಲಿ ಅದರಲ್ಲೇ ವಿಶ್ವ ಚಾಂಪಿಯನ್. 1997ರಲ್ಲಿ ಸ್ವಂತ ದೇಶದ ಸೆಸ್ಟ್ರಿಯೆರೆಯಲ್ಲಿ ಜೈಂಟ್ ಸ್ಲಾಲಮ್, ಇನ್ನೂ ಹತ್ತಿರ ಹತ್ತಿರದ ತಿರುವುಗಳ ಸ್ಲಾಲಮ್, ಎರಡರಲ್ಲೂ ವಿಶ್ವ ಚಾಂಪಿಯನ್. 1998ರಲ್ಲಿ ಜಪಾನಿನ ನಾಗಾನೋ ಒಲಿಂಪಿಕ್ಸ್‌ನಲ್ಲಿ ಮತ್ತೆ ಜೈಂಟ್ ಸ್ಲಾಲಮ್ ಚಿನ್ನ, ಅದೂ 1.80 ಸೆಕೆಂಡ್ ಅಂತರದಲ್ಲಿ. ಮೂರು ಬೇರೆ ಬೇರೆ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಮೊದಲ ಆಲ್ಪೈನ್ ಸ್ಕೀ, ಅಂದರೆ ಬೆಟ್ಟ ಇಳಿಯುವ ಸ್ಕೀ, ಸ್ಪರ್ಧಿ ಡೆಬೋರಾ. ಗಂಡಸರು, ಹೆಂಗಸರು ಎಲ್ಲರನ್ನೂ ಸೇರಿಸಿ ಹೇಳುತ್ತಿದ್ದೇನೆ. ಟೊಂಬಾಗೂ ಅದು ಆಗಿರಲಿಲ್ಲ.

‘ಅದು ಇಟಲಿ ಮೇಡಂ, ದುಡ್ಡಿದೆ’ ಅಂತ ಹಿಂದಿನ ಸಾಲಿನಿಂದ ಯಾರೋ ಹೇಳಿದರು. ಒಪ್ಪುತ್ತೇನೆ. ಆದರೆ ಏನಿದೆ ಅಂತ ಸರಿಯಾಗಿ ನೋಡಿ. ಅಲ್ಲಿ ಸ್ಕೀ ಓಟಗಾರರಿಗೆ ಸೇನೆ, ಪೊಲೀಸ್, ಕಸ್ಟಮ್ಸ್ ಪಡೆಗಳ ಕ್ರೀಡಾ ವಿಭಾಗಗಳಲ್ಲಿ ಕೆಲಸ ಇರುತ್ತದೆ. ಬಿದ್ದು ಮನೆಯಲ್ಲಿದ್ದರೂ ಸಂಬಳ ಬರುತ್ತದೆ. ನಮ್ಮಲ್ಲೂ ರೈಲ್ವೆ ಇದೆ, ಪೊಲೀಸ್ ಇದೆ. ಆದರೆ ಅದು ಕೆಲಸ ಸಿಕ್ಕವರಿಗೆ. ಹಾಸ್ಟೆಲ್‌ನ ಹದಿನಾರು ವರ್ಷದ ಹುಡುಗಿಗೆ ಮೊಣಕಾಲು ಹೋದರೆ ಮೊದಲು ಹೋಗುವುದು ಹಾಸ್ಟೆಲ್ ಸೀಟು. ಆಮೇಲೆ ಮದುವೆ ಮಾತು. ಎಸಿಎಲ್ ಹರಿಯುವ ಸಾಧ್ಯತೆ ಹುಡುಗರಿಗಿಂತ ಹುಡುಗಿಯರಿಗೇ ಜಾಸ್ತಿ ಅಂತ ಗೊತ್ತಿದ್ದೂ ಹೀಗೆ ಮಾಡುತ್ತೇವೆ. ನನಗೆ ಸಿಟ್ಟು ಬರುವುದು ಇಲ್ಲಿ.

ಚೀಟಿ ಬಂತು, ಐದು ನಿಮಿಷ ಅಂತೆ. ಆಹಾರದ ಬಗ್ಗೆ, ನಿದ್ದೆಯ ಬಗ್ಗೆ ಹೇಳಬೇಕೆಂದಿದ್ದೆ. ಬಿಡಿ, ಇನ್ನೊಮ್ಮೆ ನೋಡೋಣ. ಡೆಬೋರಾ ಕತೆ ಮುಗಿಸಿಬಿಡುತ್ತೇನೆ. ನಾಗಾನೋದಲ್ಲೇ ಸ್ಲಾಲಮ್ ಚಿನ್ನ 0.06 ಸೆಕೆಂಡಿನಲ್ಲಿ ತಪ್ಪಿ ಬೆಳ್ಳಿ ಬಂತು. 1999ರಲ್ಲಿ ನಿವೃತ್ತಿ. ಪ್ರತಿ ಚಳಿಗಾಲ ನಡೆಯುವ ವಿಶ್ವಕಪ್ ಓಟಗಳಲ್ಲಿ ಒಟ್ಟು 16 ಗೆಲುವು, ಅದರಲ್ಲಿ 13 ಜೈಂಟ್ ಸ್ಲಾಲಮ್. ಕಾಲು ಕೊಟ್ಟ ದಾರಿಯಲ್ಲೇ ಬಂದ ಗೆಲುವುಗಳು ಇವು.

ಕೋಚ್‌ಗಳಿಗೆ ಎರಡೇ ಮಾತು. ಆಪರೇಷನ್ ಆಗಿ ಒಂಬತ್ತು ತಿಂಗಳು ಆಗದೆ ಯಾರನ್ನೂ ಕಣಕ್ಕಿಳಿಸಬೇಡಿ. ಅವಸರ ಮಾಡಿದರೆ ಮತ್ತೆ ಹರಿಯುವ ಅಪಾಯ ಜಾಸ್ತಿ. ಆ ಒಂಬತ್ತು ತಿಂಗಳೂ ತಂಡದ ಪಟ್ಟಿಯಿಂದ ಅವಳ ಹೆಸರು ತೆಗೆಯಬೇಡಿ. ರೈಡರ್ ಆಗಿದ್ದವಳು ಕಾರ್ನರ್‌ನಲ್ಲಿ ಚೆನ್ನಾಗಿ ಆಡಬಹುದು. ಆಡಿಸಿ ನೋಡಿ.

ಊಟ ಮುಗಿಸಿ ಮೂರು ಗಂಟೆಗೆ ಒಳಾಂಗಣಕ್ಕೆ ಬನ್ನಿ. ಆಪರೇಷನ್ ಆದವರು ಶೂ ಹಾಕಿಕೊಂಡು ಬನ್ನಿ, ಡಿಸ್ಚಾರ್ಜ್ ಚೀಟಿ ತನ್ನಿ. ಒಂಟಿ ಕಾಲಿನ ಜಿಗಿತ ಅಳೆಯೋಣ, ಎರಡೂ ಕಾಲಿನದು. ಕೋಚ್‌ಗಳೇ ಟೇಪ್ ಹಿಡಿಯಬೇಕು.