ಮಗಳಾಗಿ ಎಲೆಕ್ಟ್ರಾ, ತಾಯಿಯಾಗಿ ಕ್ಲೈಟೆಮ್ನೆಸ್ಟ್ರಾ

ಕೇಳುಗರಿಗೆ ನಮಸ್ಕಾರ. ಇವತ್ತಿನ ಮಾತು ಗ್ರೀಸ್ ದೇಶದ ನಟಿ ಐರೀನ್ ಪಾಪಾಸ್ ಅವರ ಬಗ್ಗೆ.

ಹೆಸರು ನೆನಪಾಗದಿದ್ದರೂ ಮುಖ ನೆನಪಿರಬಹುದು. 1961ರ ಯುದ್ಧದ ಚಿತ್ರ 'ದಿ ಗನ್ಸ್ ಆಫ್ ನ್ಯಾವರೋನ್' ನೋಡಿದ್ದೀರಾ? ಗ್ರೆಗರಿ ಪೆಕ್, ಆಂಟನಿ ಕ್ವಿನ್ ಅಂಥ ಘಟಾನುಘಟಿಗಳಿರುವ ಚಿತ್ರ. ತಮ್ಮ ಗುಂಪಿನಲ್ಲೇ ಒಬ್ಬಳು ಶತ್ರುವಿಗೆ ಸುದ್ದಿ ಮುಟ್ಟಿಸುತ್ತಿದ್ದಳು ಅಂತ ಗೊತ್ತಾದಾಗ ಗಂಡಸರೆಲ್ಲ ವಾದ ಮಾಡುತ್ತಾ ನಿಲ್ಲುತ್ತಾರೆ. ಗುಂಡು ಹಾರಿಸುವವಳು ಮರಿಯಾ. ಆ ಮರಿಯಾ ಇವರೇ.

ಕೊರಿಂತ್ ಹತ್ತಿರದ ಖಿಲಿಯೊಮೋದಿ ಎಂಬ ಹಳ್ಳಿಯವರು. ತಂದೆ, ತಾಯಿ ಇಬ್ಬರೂ ಪಾಠ ಹೇಳುತ್ತಿದ್ದವರು. ಅಥೆನ್ಸ್‌ನಲ್ಲಿ ನಾಟಕ ಕಲಿತರು, ರಂಗದ ಮೇಲೆ ನಟಿಸಿದರು, 1940ರ ದಶಕ ಮುಗಿಯುವಷ್ಟರಲ್ಲಿ ಸಿನಿಮಾಕ್ಕೂ ಬಂದರು. ಆದರೆ ಅವರೊಳಗಿನ ದೊಡ್ಡ ನಟಿಯನ್ನು ಹೊರಗೆ ತಂದದ್ದು ನಿರ್ದೇಶಕ ಮೈಕಲ್ ಕಕೊಯಾನಿಸ್, ಮತ್ತು ಎರಡು ಸಾವಿರ ವರ್ಷಕ್ಕೂ ಹಳೆಯ ಯೂರಿಪಿಡೀಸನ ರುದ್ರನಾಟಕಗಳು.

ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಟ್ರಾಯ್ ಮೇಲೆ ಯುದ್ಧಕ್ಕೆ ಹೊರಟ ರಾಜ ಅಗಮೆಮ್ನಾನ್, ಹಡಗಿಗೆ ಗಾಳಿ ಬೀಸಲಿ ಅಂತ ಹೆತ್ತ ಮಗಳು ಇಫಿಜೀನಿಯಾಳನ್ನೇ ಬಲಿ ಕೊಡುತ್ತಾನೆ. ರಾಣಿ ಕ್ಲೈಟೆಮ್ನೆಸ್ಟ್ರಾ ಅದನ್ನು ಮರೆಯುವುದಿಲ್ಲ. ಅವನು ಗೆದ್ದು ಬಂದ ಮೇಲೆ ಕೊಲ್ಲಿಸುತ್ತಾಳೆ. ಇನ್ನೊಬ್ಬ ಮಗಳು ಎಲೆಕ್ಟ್ರಾ, ಅಪ್ಪನ ಸಾವಿಗೆ ತಮ್ಮನ ಜೊತೆ ಸೇರಿ ತಾಯಿಯ ಮೇಲೆ ಸೇಡು ತೀರಿಸಿಕೊಳ್ಳುತ್ತಾಳೆ.

1962ರ 'ಎಲೆಕ್ಟ್ರಾ' ಕಪ್ಪು-ಬಿಳುಪು ಚಿತ್ರ. ಅರಮನೆಯ ಥಳುಕು ಇಲ್ಲವೇ ಇಲ್ಲ. ಗ್ರೀಸಿನ ಕಲ್ಲು, ಬಯಲು, ಬಿಸಿಲು, ಕಪ್ಪು ಬಟ್ಟೆಯ ಹಳ್ಳಿ ಹೆಂಗಸರು. ಬಡ ರೈತನಿಗೆ ಬಲವಂತವಾಗಿ ಕಟ್ಟಿದ ರಾಜಕುಮಾರಿ, ಕೂದಲು ಕತ್ತರಿಸಿಕೊಂಡು ನಿಂತಿದ್ದಾಳೆ. ಪಾಪಾಸ್ ಅವರ ದಪ್ಪ ಹುಬ್ಬು, ಕೆತ್ತಿದಂಥ ಕೆನ್ನೆ, ರೆಪ್ಪೆ ಮಿಟುಕಿಸದ ಕಣ್ಣು. ಅಷ್ಟರಲ್ಲೇ ಸೇಡು ಎಷ್ಟು ದಿನದಿಂದ ಬೇಯುತ್ತಿದೆ ಅಂತ ಗೊತ್ತಾಗುತ್ತದೆ.

1964ರ 'ಜೋರ್ಬಾ ದಿ ಗ್ರೀಕ್'ನಲ್ಲಿ ಊರವರೆಲ್ಲ ಸೇರಿ ಬೇಟೆಯಾಡುವ ವಿಧವೆ ಅವರು. ಮಾತು ತೀರಾ ಕಮ್ಮಿ. ಚಿತ್ರ ಮುಗಿದ ಮೇಲೆ ಎಲ್ಲರೂ ಕುಣಿತ ನೆನಪಿಟ್ಟುಕೊಳ್ಳುತ್ತಾರೆ. ನನಗೆ ಮಾತ್ರ ಚರ್ಚಿನ ಮುಂದೆ ಕಲ್ಲೇಟು ತಿಂದ ಆ ಮುಖವೇ ಕಾಡುತ್ತದೆ.

1967ರ ಏಪ್ರಿಲ್‌ನಲ್ಲಿ ಗ್ರೀಸ್‌ನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು. ಪಾಪಾಸ್ ಸುಮ್ಮನಿರಲಿಲ್ಲ. ಬಹಿರಂಗವಾಗಿ ವಿರೋಧಿಸಿದರು, ಪರದೇಶದಲ್ಲೇ ಉಳಿದರು. ಕೋಸ್ಟಾ ಗಾವ್ರಾಸ್ ಅವರ 'ಝಡ್' ಚಿತ್ರದಲ್ಲಿ ಕೊಲೆಯಾದ ರಾಜಕಾರಣಿಯ ಹೆಂಡತಿಯಾದರು. ಗ್ರೀಸಿನ ಕಥೆಯನ್ನು ಗ್ರೀಸ್‌ನಲ್ಲಿ ತೆಗೆಯಲಾಗದೆ ಅಲ್ಜೀರಿಯಾದಲ್ಲಿ ತೆಗೆಯಬೇಕಾಯಿತು. ಅದೇ ವರ್ಷಗಳಲ್ಲಿ ನ್ಯೂಯಾರ್ಕಿನ ರಂಗದ ಮೇಲೆ ಕ್ಲೈಟೆಮ್ನೆಸ್ಟ್ರಾ ಆದರು, 1973ರಲ್ಲಿ ಯೂರಿಪಿಡೀಸನ ಇನ್ನೊಂದು ನಾಟಕದ ನಾಯಕಿ ಮೀಡಿಯಾ ಆದರು. ತಮ್ಮ ನೆಲದ ನಾಟಕಗಳನ್ನು ಪರದೇಶದಲ್ಲಿ, ಇಂಗ್ಲಿಷಿನಲ್ಲಿ ಆಡಿದ ಕಾಲ ಅದು.

1971ರ 'ದಿ ಟ್ರೋಜನ್ ವಿಮೆನ್'ನಲ್ಲಿ ಟ್ರಾಯ್ ಯುದ್ಧಕ್ಕೆ ಕಾರಣಳಾದ ಹೆಲೆನ್. ಮೊದಲು ಕಾಣುವುದು ಮರದ ಹಲಗೆಗಳ ಸಂದಿಯಲ್ಲಿ ಎರಡು ಕಣ್ಣು ಮಾತ್ರ. ಹೊರಗೆ ಸೆರೆಯಾದ ಹೆಂಗಸರು ನೀರಿಲ್ಲದೆ ಬಾಯಾರಿ ಕೂತಿದ್ದಾರೆ. ಒಳಗೆ ಈಕೆ ಸಿಕ್ಕ ನೀರಿನಲ್ಲಿ ಮೈ ತೊಳೆಯುತ್ತಾಳೆ! ಕ್ಯಾಥರೀನ್ ಹೆಪ್‌ಬರ್ನ್, ವನೆಸ್ಸಾ ರೆಡ್‌ಗ್ರೇವ್ ಇದ್ದ ಚಿತ್ರದಲ್ಲಿ ಅಮೆರಿಕದ ನ್ಯಾಷನಲ್ ಬೋರ್ಡ್ ಆಫ್ ರಿವ್ಯೂ ಕೊಡುವ ಉತ್ತಮ ನಟಿ ಪ್ರಶಸ್ತಿ ಬಂದದ್ದು ಪಾಪಾಸ್ ಅವರಿಗೆ.

1974ರಲ್ಲಿ ಸೇನಾ ಆಡಳಿತ ಬಿತ್ತು. 1977ರಲ್ಲಿ 'ಇಫಿಜೀನಿಯಾ' ಬಂತು, ಗ್ರೀಕ್ ಭಾಷೆಯಲ್ಲೇ. ಹದಿನೈದು ವರ್ಷದ ಹಿಂದೆ ತಾಯಿಯನ್ನು ದ್ವೇಷಿಸುವ ಮಗಳಾಗಿದ್ದವರು ಈಗ ಆ ತಾಯಿ. ಮಗಳ ಮದುವೆ ಅಂತ ನಂಬಿ, ಸಂಭ್ರಮದಿಂದ ಕರೆದುಕೊಂಡು ಬರುತ್ತಾಳೆ. ಬಂದ ಮೇಲೆ ಗೊತ್ತಾಗುತ್ತದೆ, ಅಲ್ಲಿ ಕಾದಿರುವುದು ಬಲಿಪೀಠ. ಕೊನೆಗೆ ಗಾಳಿ ಬೀಸುತ್ತದೆ, ಹಡಗುಗಳು ಹೊರಡುತ್ತವೆ. ಅವಳು ಕಡಲಿನ ಕಡೆ ನೋಡುತ್ತಾಳೆ. ಕೂದಲು ಮುಖಕ್ಕೆ ಬಡಿಯುತ್ತಿದೆ. ಮುಂದೆ ಗಂಡನ ಗತಿ ಏನು ಅಂತ ಆ ನೋಟವೇ ಹೇಳಿಬಿಡುತ್ತದೆ.

ಅವರ ದನಿಯೂ ಹಾಗೇ. ಸಂಗೀತಗಾರ ವ್ಯಾಂಗೆಲಿಸ್ ಜೊತೆ 1979ರಲ್ಲಿ ಗ್ರೀಕ್ ಜನಪದ ಹಾಡುಗಳ 'ಓಡ್ಸ್' ಹೊರತಂದರು. ಸಿಕ್ಕರೆ ಖಂಡಿತ ಕೇಳಿ.

ಆಸ್ಕರ್‌ಗೆ ಅವರ ಹೆಸರು ಒಮ್ಮೆಯೂ ನಾಮನಿರ್ದೇಶನಗೊಳ್ಳಲಿಲ್ಲ. ನನಗಂತೂ ಇದು ದೊಡ್ಡ ಅನ್ಯಾಯ ಅನ್ನಿಸುತ್ತದೆ. ವೆನಿಸ್ ಬಿಯೆನಾಲೆಯ ರಂಗೋತ್ಸವ 2009ರಲ್ಲಿ ಜೀವಮಾನದ ಸಾಧನೆಗೆ ಚಿನ್ನದ ಸಿಂಹ ಕೊಟ್ಟಿತು. 2022ರ ಸೆಪ್ಟೆಂಬರ್‌ನಲ್ಲಿ ಹುಟ್ಟೂರಿನಲ್ಲೇ ತೀರಿಕೊಂಡರು.

ಅವರ ಚಿತ್ರ ನೋಡಬೇಕು ಅನ್ನುವವರಿಗೆ ಒಂದು ಮಾತು. ಬಂದ ಕ್ರಮದಲ್ಲಿ ನೋಡಬೇಡಿ, ಕಥೆಯ ಕ್ರಮದಲ್ಲಿ ನೋಡಿ. ಮೊದಲು 'ಇಫಿಜೀನಿಯಾ', ಆಮೇಲೆ 'ಎಲೆಕ್ಟ್ರಾ'. ತಾಯಿಯ ಸಂಕಟ ಕಂಡ ಮೇಲೆ ಮಗಳ ಸೇಡನ್ನು ಅಷ್ಟು ಸುಲಭವಾಗಿ ಒಪ್ಪಿಕೊಳ್ಳಲು ಆಗುವುದಿಲ್ಲ. ನಮಸ್ಕಾರ.